ಷೇರು ಪಾಠಕ್ಕೆ ನಾನು ಕೊಟ್ಟ ಅಂಕ

ಷೇರು ಮಾರುಕಟ್ಟೆಯ ಗಂಧಗಾಳಿಯೂ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದ ಹೊತ್ತಿನಲ್ಲಿ ಹೇಳಲಿಲ್ಲ. ನಾನು ಕಾಪುವಿನವನು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಬೆಳಿಗ್ಗೆ ಕಡಲ ಬದಿಯಲ್ಲಿ ಒಂದು ನಡಿಗೆ, ಆಮೇಲೆ ಪೇಪರು, ಮಧ್ಯಾಹ್ನ ಮೀನಿನ ಊಟ, ಒಂದು ನಿದ್ದೆ. ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಮಾಷ್ಟ್ರಾಗಿದ್ದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾರು ಏನು ಕೇಳಿದರೂ ಗೊತ್ತಿಲ್ಲ ಎನ್ನಲು ಅವನ ನಾಲಿಗೆ ಏಳುವುದಿಲ್ಲ. ನನ್ನದೂ ಏಳಲಿಲ್ಲ. ಅದರ ಫಲವನ್ನು ಬೇರೆಯವರು ಉಂಡರು.

ಕೇಳಿದವಳು ನನ್ನ ತಂಗಿಯ ಮಗಳು. ನಮ್ಮದು ತಾಯಿಯ ಕಡೆಯಿಂದ ಕುಟುಂಬ ಹೇಳಿಕೊಳ್ಳುವ ಜನ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆಸ್ತಿಯ ವಿಷಯದಲ್ಲಿ ಸೋದರಮಾವನ ಮುಖವನ್ನು ಈಗ ಯಾರೂ ನೋಡುವುದಿಲ್ಲ. ಆದರೂ ಮದುವೆಯ ಮಾತಿರಲಿ, ಬಾವಿ ತೋಡುವುದಿರಲಿ, ತಂಗಿಯ ಮನೆಯಲ್ಲಿ "ಮಾಮನಿಗೆ ಒಂದು ಮಾತು ಹೇಳಿ" ಎನ್ನುವ ಕ್ರಮ ಉಳಿದಿದೆ. ಹೆಚ್ಚಿನ ಸಲ ಅದು ಬರೀ ಮರ್ಯಾದೆ. ಅವರು ಎಲ್ಲ ನಿಶ್ಚಯ ಮಾಡಿಕೊಂಡೇ ಬಂದಿರುತ್ತಾರೆ, ನಾನು ಗಂಭೀರವಾಗಿ ಹೂಂ ಅನ್ನುತ್ತೇನೆ, ನನ್ನ ಹೆಂಡತಿ ಚಹಾ ತರುತ್ತಾಳೆ. ಈ ಸಲ ಮಾತ್ರ ಅವಳು ನಿಜವಾಗಿಯೂ ಕೇಳಲು ಬಂದಿದ್ದಳು.

ಅವಳು ಹನ್ನೊಂದು ವರ್ಷದಿಂದ ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಗಂಡ ಮಲ್ಪೆಯ ಬೋಟಿನಲ್ಲಿ ಹೋಗುವವನು, ವಾರಗಟ್ಟಲೆ ನೀರಿನ ಮೇಲೆ. ಎಂಟು ವರ್ಷದ ಮಗಳು ಅಜ್ಜಿಯ ಹತ್ತಿರ, ಅಂದರೆ ನನ್ನ ತಂಗಿಯ ಹತ್ತಿರ ಬೆಳೆಯುತ್ತಿದ್ದಾಳೆ. ಆ ಸಲ ರಜೆಯಲ್ಲಿ ಬಂದ ದಿನ ಮಗು ತಾಯಿಗೆ ಸ್ನಾನಕ್ಕೆಂದು ಕಪಾಟಿನಿಂದ ಹೊಸ ಟವೆಲು ತೆಗೆದುಕೊಟ್ಟಿತಂತೆ, ನೆಂಟರು ಬಂದರೆ ಮಾತ್ರ ತೆಗೆಯುವ ಟವೆಲು. ಅದನ್ನು ಹೇಳುವಾಗ ಅವಳು ನಗುತ್ತಿದ್ದಳು. ಹೇಳಿ ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮಾಮ, ನಾನು ಇನ್ನು ಹೋಗುವುದಿಲ್ಲ ಅಂತ ಮಾಡಿದ್ದೇನೆ" ಎಂದಳು. "ನನ್ನೊಟ್ಟಿಗೆ ಡ್ಯೂಟಿ ಮಾಡುವ ಒಬ್ಬಳು ಮೊಬೈಲಿನಲ್ಲೇ ಷೇರು ಟ್ರೇಡಿಂಗ್ ಮಾಡ್ತಾಳೆ. ಮನೆಯಲ್ಲಿ ಕೂತು ತಿಂಗಳ ಖರ್ಚು ಹುಟ್ಟಿದ್ರೆ ನನಗೆ ಸಾಕು. ಸುಮ್ಮನೆ ಹಾರುವವಳಲ್ಲ ನಾನು, ಕಲ್ತೇ ಮಾಡುವುದು. ಕ್ಲಾಸುಗಳು ಬೇಕಾದಷ್ಟು ಉಂಟು. ಯಾವುದು ಸರಿ, ಯಾವುದು ಮೋಸ ಅಂತ ನನಗೆ ಗೊತ್ತಾಗುವುದಿಲ್ಲ. ನೀವು ಹೋಗಿ ನೋಡಿ ಹೇಳಿ. ನೀವು ಹೇಳಿದ ಕಡೆ ಸೇರ್ತೇನೆ. ನೀವು ಬೇಡ ಅಂದ್ರೆ ವಾಪಸ್ ಕುವೈತಿಗೆ."

ಹಿಂದಿರುಗಲು ಅವಳಿಗೆ ಒಂದು ಗಡುವು ಇತ್ತು. ಆ ದಿನದೊಳಗೆ ಹೋಗಿ ಹಾಜರಾಗದಿದ್ದರೆ ವೀಸಾ ರದ್ದು, ಕೆಲಸವೂ ಹೋಯಿತು. ಹೀಗಾಗಿ ನಾನು ಹೇಳುವ ಮಾತಿನ ಮೇಲೆ ಅವಳು ಇಲ್ಲಿರುವುದೋ ಅಲ್ಲಿರುವುದೋ ಎಂಬುದು ನಿಂತಿತ್ತು. ಉಡುಪಿಯಲ್ಲಿ ನನಗೆ ಪರಿಚಯದ ಆಡಿಟರರೊಬ್ಬರಿದ್ದಾರೆ, ನಮ್ಮ ಬ್ಯಾಂಕಿನಲ್ಲಿದ್ದು ನಿವೃತ್ತರಾದವರೊಬ್ಬರು ಪಕ್ಕದ ಬೀದಿಯಲ್ಲೇ ಇದ್ದಾರೆ. ಇದು ನನ್ನ ಕೆಲಸವಲ್ಲ ಮಗಾ, ಅವರನ್ನು ಕೇಳೋಣ ಎನ್ನಬಹುದಿತ್ತು. ನಾನು ಕನ್ನಡಕ ತೆಗೆದು ಒರೆಸುತ್ತಾ, "ಕಲಿಸುವುದು ಹೇಗೆ ಅಂತ ನೋಡ್ಲಿಕ್ಕೆ ನನಗಿಂತ ಬೇರೆಯವರು ಬೇಕಾ?" ಎಂದೆ. ನನ್ನ ಹೆಂಡತಿ ಒಳಗಿನಿಂದ, "ನಿಮಗೆ ಎಂತ ಗೊತ್ತುಂಟು ಅದರದ್ದು?" ಎಂದಳು. ಆ ಮನೆಯಲ್ಲಿ ಆ ದಿನ ಬುದ್ಧಿ ಇದ್ದದ್ದು ಅವಳೊಬ್ಬಳಿಗೆ.

ನಾನು ಮಾಡಿದ್ದೇನು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಬಿ.ಎಡ್. ಓದುವವರು ನಮ್ಮ ಶಾಲೆಗೆ ಪಾಠಾಭ್ಯಾಸಕ್ಕೆ ಬರುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ಅವರ ಪಾಠಕ್ಕೆ ಅಂಕ ಹಾಕುವುದು ವರ್ಷಾನುಗಟ್ಟಲೆ ನನ್ನ ಕೆಲಸವಾಗಿತ್ತು. ಅದಕ್ಕೊಂದು ಹಾಳೆ ಇತ್ತು. ಪೀಠಿಕೆಗೆ ಹತ್ತು, ಧ್ವನಿಗೆ ಹತ್ತು, ಕಪ್ಪುಹಲಗೆಯ ಬಳಕೆಗೆ ಹತ್ತು, ಪ್ರಶ್ನೆ ಕೇಳುವ ಕ್ರಮ, ಉದಾಹರಣೆ, ಪುನರಾವರ್ತನೆ, ಮನೆಗೆಲಸ, ಹೀಗೆ ನೂರಕ್ಕೆ. ಕಪಾಟಿನ ತಳದಲ್ಲಿ ಅದರದೊಂದು ಪ್ರತಿ ಉಳಿದಿತ್ತು. ಪೇಟೆಗೆ ಹೋಗಿ ಮೂರು ಜೆರಾಕ್ಸ್ ತೆಗೆಸಿದೆ, ಕೆಂಪು ಪೆನ್ನೊಂದನ್ನು ಕೊಂಡೆ. ಷೇರು ಕಲಿಸುವವರನ್ನು ನಾನು ಬಿ.ಎಡ್. ಹುಡುಗರ ಹಾಗೆ ತೂಗಲು ಹೊರಟೆ. ಅಂಥ ಕೆಲಸ ಒಬ್ಬ ನಿವೃತ್ತ ಮಾಷ್ಟ್ರಿಗೆ ಮಾತ್ರ ಹೊಳೆದೀತು.

ಮೊದಲನೆಯದು ಉಡುಪಿಯ ಒಂದು ಹೋಟೆಲಿನ ಮಾಳಿಗೆಯ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ, ಉಚಿತ ಸೆಮಿನಾರು. ಬನ್ಸ್, ಚಹಾ ಕೂಡ ಉಚಿತ. ಹತ್ತು ಗಂಟೆ ಎಂದು ಹೇಳಿ ಹತ್ತೂ ಮುಕ್ಕಾಲಿಗೆ ಶುರು ಮಾಡಿದರು. ಕಡಲೂರಿನ ಸೆಖೆಯಲ್ಲಿ ಕೋಟು ಹಾಕಿಕೊಂಡ ಒಬ್ಬ ವೇದಿಕೆ ಹತ್ತಿ, ತಾನು ಮೊದಲು ಎಷ್ಟು ಬಡವನಾಗಿದ್ದೆ ಎಂದು ಅರ್ಧ ಗಂಟೆ, ಈಗ ಎಂಥ ಕಾರು ಇದೆ ಎಂದು ಅರ್ಧ ಗಂಟೆ ಹೇಳಿದ. ಪರದೆಯ ಮೇಲೆ ಕಾರಿನ ಚಿತ್ರ, ದುಬೈಯ ಚಿತ್ರ, ಹೆಂಡತಿಯ ಚಿತ್ರ. ಪಾಠ ಎಲ್ಲಿ ಎಂದು ನಾನು ಕಾದೆ. ಕೊನೆಗೆ ಬಂದದ್ದು ಪಾಠವಲ್ಲ, ರಿಯಾಯಿತಿ. ಇವತ್ತು ಈ ಹಾಲಿನಲ್ಲೇ ಹೆಸರು ಕೊಟ್ಟ ಮೊದಲ ಇಪ್ಪತ್ತು ಮಂದಿಗೆ ಅರ್ಧ ಫೀಸು ಎಂದು ಕೂಗಿದ ಕೂಡಲೆ ಮುಂದಿನ ಸಾಲಿನ ನಾಲ್ಕೈದು ಮಂದಿ ಎದ್ದು ಓಡಿದರು. ಅವರು ಅವನದೇ ಜನ ಎಂದು ಚಿಕ್ಕ ಮಗುವಿಗೂ ತಿಳಿಯುತ್ತಿತ್ತು, ಯಾಕೆಂದರೆ ಬನ್ಸ್ ಹಂಚಿದವರೂ ಅವರೇ. ನೂರಕ್ಕೆ ಇಪ್ಪತ್ತೆರಡು ಕೊಟ್ಟೆ. ಅದರಲ್ಲಿ ಒಂಬತ್ತು ಧ್ವನಿಗೆ.

ಎರಡನೆಯದು ಮಣಿಪಾಲದಲ್ಲಿ. ಗಾಜಿನ ಕಟ್ಟಡ, ಒಳಗೆ ಮೈ ನಡುಗುವಷ್ಟು ಎ.ಸಿ. ಕಾಲೇಜು ಮುಗಿಸಿ ಮೂರು ದಿನವೂ ಆಗಿರದಂತೆ ಕಾಣುವ ಹುಡುಗ ಇಂಗ್ಲಿಷಿನಲ್ಲಿ ಸ್ಲೈಡು ಓದಿದ. ಓದಿದ ಎಂದೇ ಹೇಳಬೇಕು, ನಮ್ಮ ಕಡೆಗೆ ಬೆನ್ನು ಹಾಕಿ ಓದಿದ. ಕೊನೆಯಲ್ಲಿ ನಾನು ಕೈ ಎತ್ತಿ, "ನಿಮ್ಮಲ್ಲಿ ಕಲಿತವರಲ್ಲಿ ಎಷ್ಟು ಮಂದಿ ನಷ್ಟ ಮಾಡಿಕೊಂಡಿದ್ದಾರೆ?" ಎಂದು ಕೇಳಿದೆ. ಅವನು, "ಸರ್, ಅದೆಲ್ಲ ಮೈಂಡ್‌ಸೆಟ್ ಮೇಲೆ ಹೋಗ್ತದೆ" ಎಂದ. ಎಷ್ಟು ಎಂದು ಕೇಳಿದ ಲೆಕ್ಕಕ್ಕೆ ಮನಸ್ಸು ಎಂದು ಉತ್ತರ ಬರೆದರೆ ನನ್ನ ತರಗತಿಯಲ್ಲಿ ಸೊನ್ನೆ. ಆದರೂ ಮೂರು ತಿಂಗಳ ಕೋರ್ಸು, ಪ್ರತಿ ವಾರ ಪರೀಕ್ಷೆ, ಕೊನೆಗೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ಎಂದದ್ದಕ್ಕೆ ನಲವತ್ತೊಂದು ಕೊಟ್ಟೆ. ಕುವೆಂಪು ಕನ್ನಡದಲ್ಲಿ ಬೇಡ, ಮಗುವಿನ ಕನ್ನಡದಲ್ಲಿ ಹೇಳಿದರೂ ಸಾಕಿತ್ತು ಅವನು ಎಂದು ಹೊರಗೆ ಬಂದು ಒಬ್ಬರ ಹತ್ತಿರ ಗೊಣಗಿದೆ. ಗೊಣಗುವಾಗ ಭಾರೀ ಸುಖವಾಗಿತ್ತು.

ಇಲ್ಲಿಯವರೆಗೆ ನನ್ನ ಕೆಂಪು ಪೆನ್ನು ಸರಿಯಾಗಿಯೇ ಬರೆಯುತ್ತಿತ್ತು.

ಮೂರನೆಯದು ಕಾರ್ಕಳದಲ್ಲಿ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ನಂದಿಕೂರಿನ ಕಲ್ಲಿದ್ದಲ ಚಿಮಣಿ ದಾಟಿ ಹೋದೆ. ಬಸ್ ಸ್ಟ್ಯಾಂಡಿಗೆ ಸಮೀಪ, ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಎದುರಿಗೆ ಕಪ್ಪುಹಲಗೆ, ಪಕ್ಕದಲ್ಲಿ ಸೀಮೆಸುಣ್ಣ, ಒದ್ದೆ ಬಟ್ಟೆಯ ಡಸ್ಟರು. ಉದ್ದ ಬೆಂಚುಗಳು. ಇಪ್ಪತ್ತೈದು ಮಂದಿ ನೋಟ್‌ಬುಕ್ ಬಿಡಿಸಿಕೊಂಡು ಕುಳಿತಿದ್ದರು. ನನ್ನ ಎದೆ ಅಲ್ಲೇ ಅರ್ಧ ಕರಗಿತ್ತು.

ಹೇಳಿದ ಸಮಯಕ್ಕೆ ಸರಿಯಾಗಿ ಕಲಿಸುವವನು ಬಂದ. ಸುಮಾರು ನಲವತ್ತರ ಪ್ರಾಯ, ಬಿಳಿ ಅಂಗಿ. ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ನೋಡಿ ಒಂದು ಗಳಿಗೆ ನಿಂತ. ಆಮೇಲೆ ನೇರ ನನ್ನ ಹತ್ತಿರ ಬಂದು, ಅಷ್ಟು ಜನರ ಎದುರು ಬಗ್ಗಿ ನನ್ನ ಕಾಲು ಮುಟ್ಟಿದ. "ಗುರುತು ಸಿಕ್ಕಿತಾ ಸರ್? ಒಂಬತ್ತನೇ ಕ್ಲಾಸಿನಲ್ಲಿ ಕಿಟಕಿ ಹತ್ತಿರ ಕೂರ್ತಿದ್ದೆ." ನಂತರ ತರಗತಿಯ ಕಡೆ ತಿರುಗಿ, "ನಾನು ಇವತ್ತು ಲೆಕ್ಕ ಅಂತ ಎಂತಾದ್ರೂ ಕಲ್ತಿದ್ರೆ ಅದು ಇವರು ಹಾಕಿದ ಭಿಕ್ಷೆ" ಎಂದ. ಎಲ್ಲರೂ ಎದ್ದು ನಿಂತರು. ಅವನು ಮತ್ತೊಮ್ಮೆ ಬಗ್ಗಿದ, ನಾನು ತಲೆಯ ಮೇಲೆ ಕೈ ಇಟ್ಟೆ, ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ನಿವೃತ್ತನಾದ ಮೇಲೆ ನನ್ನ ಕಾಲು ಮುಟ್ಟಿದವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳು ಕಂಡರೆ ಎಷ್ಟೋ ಮಂದಿ ಕಿಟಕಿಯ ಹೊರಗೆ ನೋಡುತ್ತಾರೆ. ನನ್ನ ಕಣ್ಣು ತುಂಬಿ ಬಂತು. 

ಪಾಠವೋ, ಎಷ್ಟು ಚೆನ್ನಾಗಿತ್ತು! ಬೆಲೆ ಏರಿ ಇಳಿಯುವುದನ್ನು ಕಡ್ಡಿಯಂಥ ಗೆರೆಗಳಲ್ಲಿ ಹಲಗೆಯ ಮೇಲೆ ಬರೆದ. ಎಲ್ಲಿ ಕೊಳ್ಳಬೇಕಿತ್ತು, ಎಲ್ಲಿ ಮಾರಬೇಕಿತ್ತು, ಎಷ್ಟು ನಷ್ಟವಾದರೆ ಬಿಟ್ಟು ಹೊರಗೆ ಬರಬೇಕಿತ್ತು ಎಂದು ಒಂದೊಂದೇ ಹೆಜ್ಜೆ ವಿವರಿಸಿದ. ಹಿಂದಿನ ಬೆಂಚಿನ ಹೆಂಗಸೊಬ್ಬಳಿಗೆ ಅರ್ಥವಾಗದಾಗ ಬೂತಾಯಿ ಮೀನಿನ ದರದ ಉದಾಹರಣೆ ಕೊಟ್ಟು ತುಳುವಿನಲ್ಲಿ ಮತ್ತೊಮ್ಮೆ ಹೇಳಿದ. ಸಿಟ್ಟಾಗಲಿಲ್ಲ. ಕೊನೆಯಲ್ಲಿ ಪುನರಾವರ್ತನೆ, ಮನೆಗೆಲಸ. ನಾನು ಅಲ್ಲೇ ಕುಳಿತು ತೊಂಬತ್ತೊಂದು ಹಾಕಿದೆ. ನನ್ನ ಜೀವಮಾನದಲ್ಲಿ ಯಾವ ಬಿ.ಎಡ್. ವಿದ್ಯಾರ್ಥಿಗೂ ನಾನು ತೊಂಬತ್ತು ದಾಟಿಸಿದವನಲ್ಲ.

ಮರುದಿನ ಮೂರು ಹಾಳೆಗಳನ್ನೂ ತಂಗಿಯ ಮನೆಯ ಜಗಲಿಯಲ್ಲಿ ಹರಡಿದೆ. ತೀರ್ಪು ಓದುವ ನ್ಯಾಯಾಧೀಶನ ಠೀವಿ ನನ್ನದು. ಅವಳು ತೊಂಬತ್ತೊಂದನ್ನು ನೋಡಿ, "ಅಬ್ಬ! ನನಗೆ ಮಾಮ ಐವತ್ತರ ಮೇಲೆ ಕೊಟ್ಟದ್ದೇ ಇಲ್ಲ" ಎಂದು ನಕ್ಕಳು. ಚಿಕ್ಕವಳಿದ್ದಾಗ ಅವಳಿಗೂ ನಾನೇ ಲೆಕ್ಕ ಹೇಳಿಕೊಡುತ್ತಿದ್ದೆ. ಅದೇ ವಾರ ಅವಳು ಕಾರ್ಕಳದಲ್ಲಿ ಹೆಸರು ಕೊಟ್ಟಳು. ಆಸ್ಪತ್ರೆಗೆ ಬರುವುದಿಲ್ಲ ಎಂದು ಬರೆದು ಕಳುಹಿಸಿದಳು. ಗಡುವಿನ ದಿನ ಬಂತು, ಹೋಯಿತು. ಆ ದಿನ ಮಧ್ಯಾಹ್ನ ತಂಗಿಯ ಮನೆಯಲ್ಲಿ ಕೋಳಿಸಾರಿನ ಕೋರಿರೊಟ್ಟಿ ಮಾಡಿದ್ದರು. ನಾನು ಎರಡು ಸಲ ಬಡಿಸಿಕೊಂಡು ತಿಂದೆ.

ಅವಳು ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಬರುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ರೋಗಿಯ ಜ್ವರ ಬರೆದಿಡುವ ಹಾಗೆ ಗಂಟೆ ಗಂಟೆಗೆ ಬೆಲೆ ಬರೆಯುತ್ತಿದ್ದಳು. ಮಗುವನ್ನು ಶಾಲೆಗೆ ಕಳುಹಿಸಿ, ಮಾರುಕಟ್ಟೆ ತೆರೆಯುವ ಒಂಬತ್ತೂ ಕಾಲಿಗೆ ಮೊಬೈಲು ಹಿಡಿದು ಕೂರುವಳು. ಮೊದಲ ತಿಂಗಳು ಚೂರುಪಾರು ಲಾಭ ಬಂತು, ಮಗುವಿಗೆ ಒಂದು ಸೈಕಲು ಬಂತು. ಎರಡನೆಯ ತಿಂಗಳಲ್ಲಿ ಆ ಲಾಭವೂ ಅದರ ಜತೆಗೆ ಕೈಯಿಂದ ಹಾಕಿದ್ದರಲ್ಲಿ ಒಂದಷ್ಟೂ ಹೋಯಿತು. ಆಗ ಅವಳು ನನ್ನ ಹತ್ತಿರ ಬಂದು, "ಮಾಮ, ಸರ್ ಹೇಳ್ತಾರೆ, ನಾನು ಕಲ್ತದ್ದು ಬೇಸಿಕ್ ಅಂತೆ. ಆಪ್ಷನ್ ಅಂತ ಅಡ್ವಾನ್ಸ್ ಕೋರ್ಸ್ ಉಂಟಂತೆ. ಅದು ಮಾಡದೆ ಆಗುವುದಿಲ್ಲ ಅಂತೆ" ಎಂದಳು. ಮುಖ ಸಣ್ಣದಾಗಿತ್ತು. ನಾನು ಯೋಚಿಸಿದಂತೆ ಮಾಡಿ, "ಹೌದು, ಅರ್ಧ ಪಾಠ ಕಲಿತು ಪರೀಕ್ಷೆಗೆ ಕೂತರೆ ಹಾಗೇ ಆಗುವುದು" ಎಂದೆ. ಆ ಮಾತನ್ನು ನನ್ನ ಬಾಯಿಗೆ ಹಾಕಿದವರು ಯಾರೂ ಇಲ್ಲ. ನಾನೇ ಹೇಳಿದ್ದು.

ಅಡ್ವಾನ್ಸ್ ಎಂದರೆ ಏನೆಂದು ನನಗೆ ಆಮೇಲೆ ತಿಳಿಯಿತು. ಅದರಲ್ಲಿ ಷೇರನ್ನು ಕೊಂಡು ಇಟ್ಟುಕೊಳ್ಳುವುದಿಲ್ಲ. ಇಂಥ ದಿನದೊಳಗೆ ಬೆಲೆ ಇಷ್ಟಾಗುತ್ತದೆ ಎಂದು ಹಣ ಕಟ್ಟುವುದು, ಆ ದಿನ ಸಂಜೆಗೆ ಆಗದಿದ್ದರೆ ಕಟ್ಟಿದ್ದು ಪೂರ್ತಿ ಸೊನ್ನೆ. ನಮ್ಮೂರಲ್ಲಿ ಕೋಳಿ ಅಂಕದಲ್ಲಿ ಪಣ ಸೋತವನಿಗೆ ಕೋಳಿಗಳ ಕಾದಾಟವನ್ನಾದರೂ ನೋಡಿದ ಖುಷಿ ಇರುತ್ತದೆ. ಮುಂದಿನ ನಾಲ್ಕು ತಿಂಗಳಲ್ಲಿ ಅವಳ ಹನ್ನೊಂದು ವರ್ಷದ ಉಳಿತಾಯದಲ್ಲಿ ಬಹುಪಾಲು ಹೋಯಿತು. ಎಷ್ಟು ಎಂದು ನಾನು ಕೇಳಲಿಲ್ಲ. ಲೆಕ್ಕದ ಮಾಷ್ಟ್ರಿಗೆ ಆ ಒಂದು ಅಂಕಿ ಕೇಳುವ ಧೈರ್ಯ ಇರಲಿಲ್ಲ.

ಅವನ ಪಾಠದ ಗುಟ್ಟು ನನಗೆ ಗೊತ್ತಾದದ್ದು ಹೀಗೆ. ಒಂದು ದಿನ ತಂಗಿಯ ಮನೆಗೆ ಹೋದಾಗ ಅವಳು ಕ್ಲಾಸಿನ ಮನೆಗೆಲಸ ಮಾಡುತ್ತಾ ಕೂತಿದ್ದಳು. ತಾ ಇಲ್ಲಿ ಎಂದು ನೋಟ್‌ಬುಕ್ಕು ತೆಗೆದುಕೊಂಡೆ. ಪುಟ ಪುಟವೂ ಚಿತ್ರ. ಪ್ರತಿ ಚಿತ್ರದಲ್ಲೂ ಕೊಳ್ಳಬೇಕಾದ ಜಾಗಕ್ಕೆ ಹಸಿರು ಗುರುತು, ಮಾರಬೇಕಾದ ಜಾಗಕ್ಕೆ ಕೆಂಪು ಗುರುತು, ಎಲ್ಲ ಕರಾರುವಾಕ್ಕು. ನಾನು ಕೇಳಿದೆ, "ಇದೆಲ್ಲ ಎಂದಿನದ್ದು?"

"ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು."

"ನಾಳೆಯದ್ದು ಎಂತ ಆಗ್ತದೆ ಅಂತ ಇವತ್ತು ಬೋರ್ಡಿನಲ್ಲಿ ಬರೆದು ಹೋಗ್ತಾನಾ ಅವನು?"

"ಇಲ್ಲ ಮಾಮ. ಎಲ್ಲ ಆಗಿ ಹೋದದ್ದೇ ಮಾಡುವುದು. ಅದರಲ್ಲಿ ನನಗೂ ಎಲ್ಲ ಸರಿ ಬರ್ತದೆ."

ಆಗ ನನಗೆ ಆ ಹುಡುಗ ನೆನಪಾದ. ಕಾಲು ಮುಟ್ಟಿದ ದಿನ ನೆನಪಾಗದವನು, ಕಿಟಕಿ ಹತ್ತಿರ ಕೂರುತ್ತಿದ್ದೆ ಎಂದಾಗಲೂ ನೆನಪಾಗದವನು, ಈಗ ಚಡ್ಡಿ ಅಂಗಿಯ ಸಮೇತ ಕಣ್ಣ ಮುಂದೆ ನಿಂತ. ಅವನ ಲೆಕ್ಕ ಯಾವಾಗಲೂ ಸರಿ, ಹೆಜ್ಜೆಗಳೂ ಚೆಂದ. ಆದರೆ ಅವನು ಪುಸ್ತಕದ ಹಿಂಬದಿಯ ಉತ್ತರವನ್ನು ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಜೋಡಿಸಿಕೊಂಡು ಬರುತ್ತಿದ್ದ. ನನಗೆ ಸಂಶಯ ಬಂದು ಒಂದು ದಿನ ಉತ್ತರದ ಪುಟಗಳನ್ನು ಕಿತ್ತ ಪುಸ್ತಕ ಕೊಟ್ಟು ಕೂರಿಸಿದ್ದೆ. ಗಂಟೆ ಹೊಡೆಯುವವರೆಗೂ ಅವನ ಹಾಳೆ ಖಾಲಿ. ಆ ದಿನ ಇಡೀ ತರಗತಿಯ ಎದುರು ಅವನನ್ನು ಬೈದಿದ್ದೆ ಕೂಡ. ಅದೇ ಕಳ್ಳತನವನ್ನು ಇಷ್ಟು ವರ್ಷದ ಮೇಲೆ ಅವನು ಸೀಮೆಸುಣ್ಣ ಹಿಡಿದು ನನ್ನ ಕಣ್ಣೆದುರೇ ಮಾಡಿದಾಗ ನಾನು ತೊಂಬತ್ತೊಂದು ಕೊಟ್ಟು ಬಂದಿದ್ದೆ.

ಕಾರ್ಕಳಕ್ಕೆ ಹೋದೆ. ತರಗತಿಗೆ ಹೋಗಲಿಲ್ಲ, ಕುಕ್ಕುಂದೂರಿನಲ್ಲಿ ಅವನು ಹೊಸದಾಗಿ ಕಟ್ಟಿಸಿದ ಮನೆಗೇ ಹೋದೆ. ಮತ್ತೆ ಕಾಲು ಮುಟ್ಟಿದ. ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟ. ನಾನು ಬೊಂಡವನ್ನು ಕೈಯಲ್ಲೇ ಹಿಡಿದುಕೊಂಡು, "ಒಂದೇ ಒಂದು ತೋರಿಸು ಮಾರಾಯ. ನೀನು ಟ್ರೇಡಿಂಗ್ ಮಾಡಿದ ನಿನ್ನ ಸ್ವಂತದ ಒಂದು ವರ್ಷದ ಖಾತೆ. ಲಾಭವೋ ನಷ್ಟವೋ ನೋಡಿ ಹೋಗ್ತೇನೆ" ಎಂದೆ.

ಅವನಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನಾನು ಈಗ ಟ್ರೇಡ್ ಮಾಡುವುದಿಲ್ಲ ಸರ್" ಎಂದ. "ಪುರುಸೊತ್ತಿಲ್ಲ. ದಿನಕ್ಕೆ ಮೂರು ಬ್ಯಾಚ್ ಉಂಟಲ್ವಾ."

"ಮೊದಲು ಮಾಡ್ತಿದ್ದೆಯಾ?"

"ಮಾಡಿದ್ದೆ. ಅದರಲ್ಲಿ ಎಂತ ಇಲ್ಲ ಅಂತ ಗೊತ್ತಾದ ಮೇಲೆಯೇ ಕ್ಲಾಸು ಶುರು ಮಾಡಿದ್ದು." ಆಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿರಬೇಕು. ಸ್ವಲ್ಪ ನೆಟ್ಟಗೆ ಕುಳಿತ. "ನೋಡಿ ಸರ್, ಇದು ಕೊಳ್ಳಿ, ಅದು ಮಾರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದು ಕಾನೂನುಬಾಹಿರ. ನಾನು ಶಿಕ್ಷಣ ಕೊಡುವುದು ಅಷ್ಟೆ. ನೀವೂ ಕೊಟ್ಟಿದ್ದೀರಿ. ನಿಮ್ಮ ಕ್ಲಾಸಿನಲ್ಲಿ ಫೇಲಾದವರ ಫೀಸು ನೀವು ವಾಪಸ್ ಕೊಟ್ಟಿದ್ದೀರಾ?"

ಶಿಕ್ಷಣ ಎಂಬ ಮಾತಿನ ಮೇಲೆ ಅಷ್ಟು ಹೇಸಿಗೆ ನನಗೆ ಹಿಂದೆಂದೂ ಹುಟ್ಟಿರಲಿಲ್ಲ.  ಅವನ ಪ್ರಶ್ನೆಗೆ ಉತ್ತರ ಇತ್ತು. ನನ್ನಲ್ಲಿ ಫೇಲಾದವನು ಇನ್ನೊಂದು ವರ್ಷ ಕೂತರೆ ಪಾಸಾಗುತ್ತಿದ್ದ, ನಿನ್ನಲ್ಲಿ ಕೂತಷ್ಟೂ ಮುಳುಗುತ್ತಾನೆ ಎನ್ನಬೇಕಿತ್ತು. ಅದು ಹೊಳೆದದ್ದು ಪಡುಬಿದ್ರಿಯಲ್ಲಿ ಬಸ್ಸಿಳಿದ ಮೇಲೆ. ಅವನ ಜಗಲಿಯಲ್ಲಿ ನಾನು ಮಾಡಿದ್ದು ಇಷ್ಟೇ, ಬೊಂಡವನ್ನು ಕುಡಿಯದೆ ನೆಲದ ಮೇಲಿಟ್ಟು ಎದ್ದು ಬಂದದ್ದು. ಅವನು ಗೇಟಿನವರೆಗೆ ಬಂದು, ರಿಕ್ಷಾ ಮಾಡಿ ಕೊಡ್ತೇನೆ ಸರ್, ಬಿಸಿಲು ಎಂದ. ಇನ್ನೊಂದು ವಿಷಯ ನಂತರ ಆಡಿಟರರಿಂದ ತಿಳಿಯಿತು. ಇಂಥ ತರಗತಿಗಳಲ್ಲಿ ಕಲಿಯುವವರ ಖಾತೆಯನ್ನು ಹೆಚ್ಚಾಗಿ ಕಲಿಸುವವನ ಕೈಯಿಂದಲೇ ತೆರೆಸುತ್ತಾರಂತೆ, ಗೆದ್ದರೂ ಸೋತರೂ ಪ್ರತಿ ವ್ಯವಹಾರಕ್ಕೆ ಅವನಿಗೊಂದು ಕಮಿಷನ್ನಂತೆ. ಅವಳ ಖಾತೆಯನ್ನೂ ಹಾಗೆಯೇ ತೆರೆಸಿದ್ದ. ಈ ಆಡಿಟರರನ್ನು ನಾನು ಮೊದಲೇ ಕೇಳಬಹುದಿತ್ತು ಎಂದು ಹಿಂದೆ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ.

ಇಷ್ಟಕ್ಕೇ ಮುಗಿಯಿತೇ ಎಂದರೆ, ಇಲ್ಲ. ಕಾಪು ಪೇಟೆಯಲ್ಲಿ ನನಗೆ ಯಾವಾಗಲೂ ಮೀನು ಕೊಡುವ ಹೆಂಗಸು ಒಂದು ದಿನ ಬಹಳ ಪ್ರೀತಿಯಿಂದ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. "ಎಂತ ವಿಶೇಷ?" ಎಂದೆ. "ನಿಮ್ಮ ಫೋಟೋ ನೋಡಿ ನಮ್ಮವರೂ ಸೇರಿದ್ದಾರೆ ಮಾಷ್ಟ್ರೇ, ಆ ಷೇರಿನ ಕ್ಲಾಸಿಗೆ. ಮಾಷ್ಟ್ರೇ ಹೋಗಿ ಕೂತದ್ದು ಅಂತಾದ್ರೆ ಅದು ಸಾಚಾ ಇರ್ಬೇಕಲ್ಲ" ಎಂದಳು. ಮೊಬೈಲು ತೆಗೆದು ತೋರಿಸಿದಳು. ಅವನು ಬಗ್ಗಿ ನನ್ನ ಕಾಲು ಮುಟ್ಟುತ್ತಿದ್ದಾನೆ, ನಾನು ಕಣ್ಣು ಒದ್ದೆ ಮಾಡಿಕೊಂಡು ಅವನ ತಲೆಯ ಮೇಲೆ ಕೈ ಇಟ್ಟಿದ್ದೇನೆ. ಮೇಲೆ ದಪ್ಪ ಅಕ್ಷರದಲ್ಲಿ "ಗುರುಗಳ ಆಶೀರ್ವಾದದೊಂದಿಗೆ ಹೊಸ ಬ್ಯಾಚ್ ಆರಂಭ". ಕೆಳಗೆ ಫೋನ್ ನಂಬರು. ನಾನು ಅಂಕ ಹಾಕಲು ಹೋದವನು ಅವನ ಜಾಹೀರಾತಾಗಿ ಬಂದಿದ್ದೆ. ಗಂಡನನ್ನು ಕೂಡಲೆ ಬಿಡಿಸು ಎಂದು ಅಲ್ಲೇ ಹೇಳಿದೆ. ಅವಳ ಮುಖ ಬದಲಾಯಿತು. "ಈಗ ಹೇಳುದಾ ಮಾಷ್ಟ್ರೇ? ಫೀಸು ಕಟ್ಟಿ ಆಯಿತಲ್ಲ" ಎಂದಳು. ಸುತ್ತ ಇದ್ದ ಮೂರು ಜನ ನನ್ನ ಕಡೆ ತಿರುಗಿ ನೋಡಿದರು. ಹೆಚ್ಚಿಗೆ ಹಾಕಿದ ಬಂಗುಡೆಯನ್ನು ಹಿಂದಕ್ಕೆ ಕೊಡಲೂ ತೋಚದೆ ಚೀಲ ಹಿಡಿದು ಮನೆಗೆ ಬಂದೆ. ಆ ಪೋಸ್ಟರು ಇನ್ನೂ ಓಡಾಡುತ್ತಿದೆ. ತೆಗೆ ಎಂದು ಅವನಿಗೆ ಮೂರು ಸಲ ಫೋನು ಮಾಡಿದ್ದೇನೆ. ಮೂರು ಸಲವೂ "ಆಯ್ತು ಸರ್" ಎಂದಿದ್ದಾನೆ.

ಈಗ ಯಾರಾದರೂ ಬಂದು ಷೇರು ಕಲಿಸುವ ತರಗತಿ ಯಾವುದು ಒಳ್ಳೆಯದು ಎಂದು ಕೇಳಿದರೆ ನಾನು ಹೇಳಬಲ್ಲೆ. ಧ್ವನಿ ನೋಡಬೇಡಿ, ಹಲಗೆ ನೋಡಬೇಡಿ, ನಿಮಗೆ ಕೈ ಮುಗಿಯುತ್ತಾನೋ ಎಂದೂ ನೋಡಬೇಡಿ. ಅವನ ಸ್ವಂತ ಖಾತೆ ಕೇಳಿ. ಅವನಿಗೆ ಅನ್ನ ಎಲ್ಲಿಂದ ಬರುತ್ತದೆ, ಮಾರುಕಟ್ಟೆಯಿಂದಲೋ ನಿಮ್ಮ ಫೀಸಿನಿಂದಲೋ ಎಂದು ಕೇಳಿ. ನಾಳೆಯ ಲೆಕ್ಕವನ್ನು ಇವತ್ತು ಬರೆದುಕೊಡು ಎನ್ನಿ. ನನ್ನ ನೂರು ಅಂಕದ ಹಾಳೆಯಲ್ಲಿ ಇವಕ್ಕೆ ಒಂದು ಸಾಲೂ ಇರಲಿಲ್ಲ. ಇದನ್ನು ನಾನು ಯಾರಿಗೆ ಬೇಕಾದರೂ ಹೇಳಲು ತಯಾರಾಗಿದ್ದೇನೆ, ಆದರೆ ಈಗ ಯಾರೂ ಕೇಳುವುದಿಲ್ಲ.

ಅವಳು ಮತ್ತೆ ಕುವೈತಿಗೆ ಹೊರಟಳು. ಆಸ್ಪತ್ರೆಯ ಕೆಲಸ ಬೇರೆಯವರಿಗೆ ಹೋಗಿತ್ತು. ಏಜೆನ್ಸಿಯವರು ಕೊಡಿಸಿದ್ದು ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ಮೊದಲಿನ ಸಂಬಳವಿಲ್ಲ, ಮೊದಲಿನ ರಜೆಯಿಲ್ಲ. ಎರಡು ವರ್ಷ ಊರಿಗೆ ಬರುವ ಹಾಗಿಲ್ಲ ಎಂದು ಬರೆದುಕೊಟ್ಟಿದ್ದಾಳೆ.

ಹೋಗುವ ಹಿಂದಿನ ದಿನ ಸಂಜೆ ತಂಗಿಯ ಮನೆಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದು ನಡೆದುಕೊಂಡೇ ಹೋದೆ. ಇಷ್ಟು ತಿಂಗಳಲ್ಲಿ ಅವಳು ನನಗೆ ಒಂದು ಬಿರುಸು ಮಾತು ಆಡಿರಲಿಲ್ಲ. ಬದಲಿಗೆ ಎಲ್ಲರ ಹತ್ತಿರ, "ಸರ್ ಚೆಂದ ಹೇಳಿಕೊಡ್ತಾರೆ, ನನ್ನ ತಲೆಗೆ ಹತ್ತಲಿಲ್ಲ. ನನಗೆ ಮೊದಲಿಂದಲೂ ಲೆಕ್ಕ ಬರುವುದಿಲ್ಲ, ಮಾಮನಿಗೆ ಗೊತ್ತುಂಟು" ಎಂದು ಹೇಳುತ್ತಿದ್ದಳು. ನಾನು ತೊಂಬತ್ತೊಂದು ಕೊಟ್ಟ ಮೇಲೆ ತಪ್ಪು ಕಲಿಸುವವನದಾಗಲು ಸಾಧ್ಯವೇ? ಅವಳದೇ ಆಗಬೇಕಲ್ಲ.

ಚಾವಡಿಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ಕುಚ್ಚಲಕ್ಕಿ, ಒಣ ಸಿಗಡಿಯ ಪೊಟ್ಟಣ, ಮಾವಿನ ಉಪ್ಪಿನಕಾಯಿ. ತಂಗಿ ಮಗುವನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು. ನಾನು ಗೋಡೆಗೆ ಒರಗಿ ನಿಂತು ಹೇಳಿದೆ. ಅವನು ಹಳೆಯ ಚಿತ್ರಗಳನ್ನೇ ಕಲಿಸುವುದು, ಅದರಲ್ಲಿ ಯಾರಿಗಾದರೂ ಎಲ್ಲ ಸರಿಯೇ ಬರುತ್ತದೆ, ಅವನಿಗೇ ಇದು ಬರುವುದಿಲ್ಲ, ನೀನು ದಡ್ಡಿಯಲ್ಲ. ನಾನು ಅಂಕ ಕೊಟ್ಟದ್ದು ಪಾಠಕ್ಕಲ್ಲ, ನನ್ನ ಕಾಲು ಮುಟ್ಟಿದ್ದಕ್ಕೆ ಎಂದೆ. 

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. ಮಡಚಿದ್ದನ್ನು ಸೂಟ್‌ಕೇಸಿಗೆ ಇಟ್ಟು, "ಮಾಮ, ಇದನ್ನು ನೀವು ನನಗೆ ಹೇಳ್ಲೇ ಇಲ್ಲ ಅಂತ ಇರಲಿ" ಎಂದಳು.

"ಯಾಕೆ ಮಗಾ?"

"ನಾನು ದಡ್ಡಿ ಅಂತ ಆದ್ರೆ ನನಗೆ ಅಲ್ಲಿ ಹೇಗಾದ್ರೂ ಇರ್ಲಿಕ್ಕೆ ಆಗ್ತದೆ. ಕೆಲಸ ಉಂಟಲ್ಲ, ಮಾಡ್ತೇನೆ. ನಿಮ್ಮ ಕಾಲು ಮುಟ್ಟಿದ್ದಕ್ಕೆ ನಾನು ನನ್ನ ಮಗಳನ್ನು ಬಿಟ್ಟು ಹೋಗುವುದು ಅಂತ ಆದ್ರೆ ಆಗುವುದಿಲ್ಲ ಮಾಮ. ಒಂದು ದಿನ ಕೂಡ ಆಗುವುದಿಲ್ಲ."

ಹೊರಗೆ ತಂಗಿ, ಮಗು ಬಂದ ಸದ್ದಾಯಿತು. ಅವಳು ತಗ್ಗಿದ ದನಿಯಲ್ಲಿ, "ನೀವು ಎಂತದೂ ಹೇಳ್ಲಿಲ್ಲ, ಆಯ್ತಾ?" ಎಂದು ಕೇಳಿದಳು.

ಆಯ್ತು ಎಂದೆ. ನನಗೂ ಅದೇ ಬೇಕಾಗಿತ್ತು.